ಗುಮ್ಮಟ ನೋಡಾಕ ಬಂದವರಿಗೆ ಕ್ವಾಟಿ ಗ್ವಾಡಿ ಯಾಕ ಕಾಣೂದಿಲ್ಲ? (ವಿಜಯಪುರ)

ಶಾಪುರ_ಅಗಸಿ
ಎಲ್ಲಾರಿಗೂ ನಮಸ್ಕಾರ್ರಿ. ಮೊನ್ನೆ ಬೆಂಗಳೂರಿಂದ ಗೆಳೆಯಾರು ಬಂದಿದ್ರು. ಗೋಳಗುಮ್ಮಟ ಆತು, ಇಬ್ರಾಹಿಂ ರೋಜಾ ಆತು, ಮಲಿಕ ಮೈದಾನ ತೋಪಿನ ಮುಂದ ನಿಂತು ಫೋಟೋನೂ ಆತು. "ಇನ್ನೇನು ನೋಡೂದದ?" ಅಂತ ಕೇಳಿದ್ರು. ಕ್ವಾಟಿ ಗ್ವಾಡಿ ನೋಡೂಣು ಬರ್ರಿ ಅಂದ್ರ "ಯಾವ ಗೋಡೆ?" ಅಂದ್ರು. ತೋಪು ನೋಡುವಾಗ ಅವರು ನಿಂತಿದ್ದು ಅದೇ ಗ್ವಾಡಿಯ ಬುರುಜಿನ ಮ್ಯಾಲ!

ಒಂದನೇ ಅಲಿ ಆದಿಲ್ ಶಾಹ ಕಟ್ಟಿಸಿದ ಗ್ವಾಡಿ. 1565ಕ್ಕ ಮುಗೀತು ಅಂತ ಹೇಳ್ತಾರ. ಸುತ್ತಳತಿ ಸುಮಾರು 10 ಕಿಲೋಮೀಟರ್, 96 ಬುರುಜು, ಐದು ದೊಡ್ಡ ದರವಾಜಾ: ಮಕ್ಕಾ, ಶಾಹಪುರ, ಬಹಮನಿ, ಅಲ್ಲಾಪುರ, ಮನಗೂಳಿ. ಹೊರಗ 40-50 ಅಡಿ ಅಗಲದ ಖಂದಕ. ಇಷ್ಟು ದೊಡ್ಡದು ಊರಿನ ಸುತ್ತ ನಿಂತದ, ಆದ್ರ ಪ್ರವಾಸಕ್ಕ ಬಂದವರ ಪಟ್ಟಿಯೊಳಗ ಅದರ ಹೆಸರ ಇಲ್ಲ.

ಎರಡು ಪ್ರಶ್ನಿ ಅದಾವ. ಪೂರ್ತಿ ಸುತ್ತು ಯಾರರ ನಡದೀರೇನು, ಎಲ್ಲೆಲ್ಲಿ ದಾರಿ ತಪ್ಪತದ? ಮತ್ತ, ತೋಪು ಬ್ಯಾರೆ, ದರವಾಜಾ ಬ್ಯಾರೆ, ಬುರುಜು ಬ್ಯಾರೆ ಅಂತ ತುಣುಕು ತುಣುಕಾಗಿ ನೋಡೂದು ಬಿಟ್ಟು, ಇದೆಲ್ಲಾ ಒಂದ ಕಟ್ಟಡ ಅಂತ ಜನರಿಗೆ ತಿಳಿಯೂ ಹಂಗ ಏನು ಮಾಡಬಹುದು?

ಕಡಲತಡಿ
ನಾನು ಎರಡು ಸಲ ವಿಜಯಪುರಕ್ಕೆ ಬಂದವ. ಗೋಡೆ ಕಂಡದ್ದು ನೆನಪುಂಟು, ಆದರೆ ಅದು ಊರ ಸುತ್ತ ಪೂರ್ತಿ ಉಂಟು ಅಂತ ಈಗಲೇ ಗೊತ್ತಾದ್ದು ಮಾರಾಯ್ರೆ. ಒಂದು ಫಲಕವಾದರೂ ಬೇಡವಾ?

ಇತಿಹಾಸ_ಬೇಕು
ಒಳ್ಳೆ ಚರ್ಚೆ. 1565 ಅಂದ ಕೂಡಲೇ "ರಕ್ಕಸ-ತಂಗಡಗಿ ಯುದ್ಧದಲ್ಲಿ ವಿಜಯನಗರದಿಂದ ತಂದ ದುಡ್ಡಲ್ಲೇ ಕಟ್ಟಿದ್ದು" ಅಂತ ಯಾರಾದರೂ ಹೇಳೇ ಹೇಳ್ತಾರೆ, ಅದಕ್ಕೇ ಮೊದಲೇ ಬರೀತಿದ್ದೀನಿ. ಯುದ್ಧ ನಡೆದದ್ದು ಆ ವರ್ಷದ ಜನವರಿಯಲ್ಲಿ. ಸರಾಸರಿ 20 ಅಡಿ ದಪ್ಪ, ಜಾಗಕ್ಕೆ ತಕ್ಕಂತೆ 30ರಿಂದ 50 ಅಡಿ ಎತ್ತರ ಇರೋ 10 ಕಿ.ಮೀ. ಗೋಡೆಯನ್ನು ಹನ್ನೊಂದು ತಿಂಗಳಲ್ಲಿ ಅಡಿಪಾಯದಿಂದ ಎಬ್ಬಿಸೋಕೆ ಸಾಧ್ಯವೇ ಇಲ್ಲ. ಅಲಿ ಪಟ್ಟಕ್ಕೆ ಬಂದದ್ದು 1558ರಲ್ಲಿ. ಯುದ್ಧಕ್ಕೆ ಮುಂಚೆಯೇ ಕೆಲಸ ಶುರುವಾಗಿರಲೇಬೇಕು. ಯುದ್ಧದ ಸಂಪತ್ತು ಆಮೇಲಿನ ಕಟ್ಟಡಗಳಿಗೆ ಹೋಗಿರಬಹುದು, ಅದು ಬೇರೆ ಮಾತು.

ಮೈಸೂರ್‌ಮೇಷ್ಟ್ರು
@ಇತಿಹಾಸ_ಬೇಕು ಲೆಕ್ಕ ಸರಿ. ಆದ್ರೆ "1565ಕ್ಕೆ ಮುಗೀತು" ಅನ್ನೋದನ್ನೂ ಅಷ್ಟು ಗಟ್ಟಿಯಾಗಿ ಹಿಡ್ಕೋಬಾರದು ಕಣ್ರೀ. ಕೋಟೆ ಅನ್ನೋದು ಯಾವತ್ತೂ ಒಂದು ವರ್ಷಕ್ಕೆ ಮುಗಿಯಲ್ಲ. ತೋಪು ದೊಡ್ಡದಾದ ಹಾಗೆ ಬುರುಜೂ ದೊಡ್ಡದಾಗುತ್ತೆ. ಉಪ್ಲಿ ಬುರುಜು ಬಂದದ್ದೇ 1584ರಲ್ಲಿ.

ನೆಟ್ಟಗಿನ_ದಾರಿ
ಉಪ್ಲಿ ಬುರುಜು ಹತ್ತಿದ್ರೆ ಅಲ್ಲಿಂದ ಗೋಡೆ ಮೇಲೆ ನಡ್ಕೊಂಡು ಹೋಗಬಹುದಲ್ವಾ? ನಾವು ಅಲ್ಲಿಂದಲೇ ಸುತ್ತು ಶುರು ಮಾಡೋಣ ಅಂತಿದ್ವಿ.

ತೊರವಿ_ನೀರು
ಇಲ್ರಿ, ಉಪ್ಲಿ ಬುರುಜು ಗ್ವಾಡಿಗೆ ಹತ್ತಿಲ್ಲ. ಊರೊಳಗ ಒಂದ ನಿಂತದ, ಸುಮಾರು 80 ಅಡಿ ಎತ್ತರ, ಹೊರಮೈಗೆ ಸುತ್ತಕೊಂಡು ಮೆಟ್ಟಲ ಅದಾವ. ಮ್ಯಾಲ ಉದ್ದನ್ನ ತೋಪು, 30 ಅಡಿ ಮೀರೇತಿ. ಕಟ್ಟಿಸಿದವ ಹೈದರ್ ಖಾನ್, ಅದಕ್ಕ ಹೈದರ್ ಬುರುಜು ಅಂತನೂ ಅಂತಾರ.

ಅದರ ಹಿಂದ ಒಂದು ಕಥಿ ಅದ. ದೊಡ್ಡ ಗ್ವಾಡಿ ಕಟ್ಟುವಾಗ ಅಲಿ ಆದಿಲ್ ಶಾಹ ಒಬ್ಬೊಬ್ಬ ಸರದಾರಗ ಒಂದೊಂದು ಭಾಗ ವಹಿಸಿಕೊಟ್ಟಿದ್ದನಂತ. ಹೈದರ್ ಖಾನ್ ಆಗ ಊರಾಗ ಇರಲಿಲ್ಲ, ದಂಡಿನ ಜೋಡಿ ಹೊರಗ ಹೋಗಿದ್ದ. ಬಂದು ನೋಡಿದ್ರ ಎಲ್ಲಾ ಪಾಲೂ ಹಂಚಿ ಹೋಗ್ಯಾವ. ತನ್ನ ಹೆಸರು ಉಳೀಬೇಕಂತ ಆಮ್ಯಾಲ ಈ ಬುರುಜು ಎಬ್ಬಿಸಿದ ಅಂತಾರ. ಕಥಿ ಖರೇನೋ ಸುಳ್ಳೋ, ಆದ್ರ ಸರದಾರರಿಗೆ ಪಾಲು ಹಂಚಿದ್ದು ಗ್ವಾಡಿ ನೋಡಿದ್ರ ತಿಳೀತದ. ಒಂದು ಕಡೆ ಕಲ್ಲು ನೀಟಾಗಿ ಕಡದು ಕೂಡಿಸ್ಯಾರ, ಸ್ವಲ್ಪ ಮುಂದ ಹೋದ್ರ ಸಿಕ್ಕ ಸಿಕ್ಕ ಕಲ್ಲು ಒಟ್ಟ್ಯಾರ. ಗ್ವಾಡಿ ತುದಿಗೆ ಹಲ್ಲಿನಂಗ ಎದ್ದ ತೆನಿಗಳೂ ಒಂದ ನಮೂನಿ ಇಲ್ಲ. ನಡಕೊಂತ ಹೋದವರಿಗೆ ಮಾತ್ರ ಇದು ಕಾಣತದ. ಕಾರಿನಾಗ ಹೋದವರಿಗೆ ಎಲ್ಲಾ ಒಂದ ಕರಿ ಗ್ವಾಡಿ.

ಶಾಪುರ_ಅಗಸಿ
@ತೊರವಿ_ನೀರು ಇದನ್ನ ನಾನೂ ನೋಡೀನಿ, ಆದ್ರ ಕಾರಣ ತಿಳಿದಿರಲಿಲ್ಲ. ಶಾಹಪುರ ದರವಾಜಾದಿಂದ ಬಹಮನಿ ಕಡೆ ಹೋಗುವಾಗ ಕಟ್ಟಡದ ಕೈ ಬದಲಾಗಿದ್ದು ಎದ್ದು ಕಾಣತದ.

ದುರ್ಗದ_ಹುಡುಗಿ
ನಮ್ಮ ಚಿತ್ರದುರ್ಗದ ಏಳು ಸುತ್ತಿನ ಕೋಟೆ ಮುಂದೆ ಇದೇನು ಬಿಡಿ. ಹೈದರಾಲಿಗೇ ನೀರು ಕುಡಿಸಿದ ಕೋಟೆ. ಬಯಲಲ್ಲಿ ಗೋಡೆ ಕಟ್ಟಿದ್ರೆ ಯಾರು ಬೇಕಾದ್ರೂ ಬಂದು ಮುತ್ತಿಗೆ ಹಾಕ್ತಾರೆ.

ಇತಿಹಾಸ_ಬೇಕು
@ದುರ್ಗದ_ಹುಡುಗಿ ದುರ್ಗಕ್ಕೆ ಬೆಟ್ಟಗಳು ಇದ್ದವು, ಬಂಡೆಯಿಂದ ಬಂಡೆಗೆ ಗೋಡೆ ಜೋಡಿಸಿದರು. ವಿಜಯಪುರದಲ್ಲಿ ಗುಡ್ಡವೂ ಇಲ್ಲ, ಹೇಳಿಕೊಳ್ಳುವಂಥ ಹೊಳೆಯೂ ಇಲ್ಲ. ಇಲ್ಲಿ ರಕ್ಷಣೆ ಅಂದರೆ ಮನುಷ್ಯ ಕಟ್ಟಿದ್ದಷ್ಟೇ. ಬಯಲಿನ ಗೋಡೆ ಅಂತ ತಳ್ಳಿಹಾಕುವ ಮೊದಲು ಅದು ಎಷ್ಟು ಕಾಲ ತಡೀತು ನೋಡಿ.

1665ರ ಕೊನೆಯಲ್ಲಿ ಮಿರ್ಜಾ ರಾಜಾ ಜೈಸಿಂಗ್ ಮೊಗಲ್ ಸೈನ್ಯದ ಜೊತೆ ಊರಿನ ಹತ್ತಿರಕ್ಕೇ ಬಂದ. ಎರಡನೇ ಅಲಿ ಆದಿಲ್ ಶಾಹ ಸುತ್ತಲಿನ ಬಾವಿ, ಕೆರೆ, ಬೆಳೆ ಎಲ್ಲ ಹಾಳು ಮಾಡಿಸಿಬಿಟ್ಟಿದ್ದ. ಕುಡಿಯೋಕೆ ನೀರಿಲ್ಲ, ಕುದುರೆಗೆ ಮೇವಿಲ್ಲ, ಗೋಡೆ ಒಡೆಯೋ ದೊಡ್ಡ ತೋಪುಗಳೂ ಇಲ್ಲ. 1666ರ ಜನವರಿಯಲ್ಲಿ ಜೈಸಿಂಗ್ ಹಿಂದಕ್ಕೆ ತಿರುಗಿದ. ಇಪ್ಪತ್ತು ವರ್ಷ ಆದ ಮೇಲೆ 1685ರಲ್ಲಿ ಔರಂಗಜೇಬನ ಸೈನ್ಯ ಮುತ್ತಿಗೆ ಹಾಕಿತು, 1686ರಲ್ಲಿ ಬಾದಶಹನೇ ಖುದ್ದಾಗಿ ಬಂದು ಕೂತ. ಖಂದಕ ತುಂಬಿಸೋಕೇ ಅವರು ಒದ್ದಾಡಿಹೋದರು. ಆ ಸೆಪ್ಟೆಂಬರಿನಲ್ಲಿ ಸಿಕಂದರ್ ಆದಿಲ್ ಶಾಹ ಶರಣಾದದ್ದು ಒಳಗೆ ಅನ್ನ ಮುಗಿದದ್ದಕ್ಕೆ. ಗೋಡೆ ಬಿದ್ದು ಊರು ಬೀಳಲಿಲ್ಲ.

ದುರ್ಗದ_ಹುಡುಗಿ
ಹಾಗಿದ್ರೆ ನೀವು ಹೇಳಿದ್ದು ನಮ್ಮ ವಾದಕ್ಕೇ ಬಂತಲ್ಲ! ಕೋಟೆಗೆ ಗೋಡೆ ಮಾತ್ರ ಸಾಲದು. ದುರ್ಗದ ಮೇಲೆ ಹೊಂಡಗಳಿವೆ, ಕಣಜಗಳಿವೆ. ನೀರು, ಧಾನ್ಯ ಒಳಗೇ.

ತೊರವಿ_ನೀರು
ನೀರಿನ ಮಾತು ಬಂತು, ನನಗ ಸುಮ್ಮನಿರಾಕ ಆಗೂದಿಲ್ಲ.

ವಿಜಯಪುರದ ನೀರಿನ ಜಾಣತನ ಖರೇ ಅಂದ್ರ ಗ್ವಾಡಿ ಹೊರಗ ಅದ. ಪಶ್ಚಿಮಕ್ಕ ತೊರವಿ ಕಡೆಯಿಂದ ನೆಲದೊಳಗ ಸುರಂಗದ ಕಾಲುವಿ, ದಕ್ಷಿಣಕ್ಕ ಮಹಮ್ಮದ್ ಆದಿಲ್ ಶಾಹ 1651ರಾಗ ಕಟ್ಟಿಸಿದ ಬೇಗಂ ತಲಾಬ. ಅಲ್ಲಿಂದ ಸುಟ್ಟ ಮಣ್ಣಿನ ಕೊಳವಿಯೊಳಗ ನೀರು ಊರಿಗೆ ಬರತಿತ್ತು. ನಡುವ ನಡುವ ಒತ್ತಡ ತಗ್ಗಸಾಕ ಗಂಜ್ ಅನ್ನೂ ಎತ್ತರದ ನೀರಿನ ಗೋಪುರ. ಇವತ್ತಿಗೂ ಊರಾಗ ಕೆಲವು ನಿಂತಾವ, ಮಂದಿ ಅವನ್ನ ಹಳೇ ಕಂಬ ಅಂತ ತಿಳಕೊಂಡಾರ. ಆದ್ರ ಹೊರಗಿನ ನೀರನ್ನ ವೈರಿ ಬಂದು ಕಡದ್ರ? ಅದಕ್ಕ ಗ್ವಾಡಿ ಒಳಗ ಬಾವಡಿಗಳು, ಅಂದ್ರ ಮೆಟ್ಟಲ ಇರೂ ದೊಡ್ಡ ಬಾವಿಗಳು ಬೇಕಾದ್ವು. ಚಾಂದ ಬಾವಡಿ 1579ರದ್ದು, ಶಾಹಪುರ ದರವಾಜಾದ ಹತ್ರ. ತಾಜ ಬಾವಡಿ 1620ರದ್ದು, ಮಕ್ಕಾ ದರವಾಜಾದ ಹತ್ರ. ಎರಡೂ ದರವಾಜಾದ ಮಗ್ಗಲಿಗೆ ಅದಾವ, ನೋಡ್ರಿ. ಹೊರಗಿಂದ ಬಂದವರು, ಎತ್ತು, ಕುದರಿ ಎಲ್ಲಾ ಮೊದಲು ನೀರಿಗೆ ಬರೂದು ಅಲ್ಲೇ.

ಕೆಲವು ವರ್ಷದ ಹಿಂದ ಈ ಬಾವಡಿಗಳ ಹೂಳು ತಗದ್ರಲ್ಲ, ಅದು ಭಾಳ ಚಲೋ ಕೆಲಸ. ಗ್ವಾಡಿಗೂ ಅಂಥಾ ಒಂದು ಕೆಲಸ ಆಗಬೇಕು.

ಬೀದರ್_ಬಿಸಿಲು
ಬೀದರಿನಿಂದ ನಮಸ್ಕಾರ. ನಮ್ಮ ಕೋಟೆಯನ್ನು ಯಾರೂ ನೆನೆಸಲೇ ಇಲ್ಲ. ಅಹಮದ್ ಶಾಹ ವಲಿ ಬಹಮನಿ ಕಲಬುರಗಿಯಿಂದ ರಾಜಧಾನಿ ಬದಲಿಸಿ ಕಟ್ಟಿಸಿದ್ದು, 1432ರ ಹೊತ್ತಿಗೆ ಮುಗಿದಿತ್ತು. ಕೆಲವು ಕಡೆ ಜಂಬಿಟ್ಟಿಗೆ ಬಂಡೆಯನ್ನೇ ಕಡಿದು ಮೂರು ಸಾಲು ಕಂದಕ ಮಾಡಿದ್ದಾರೆ. ಇಂಥದ್ದು ದಖನಿನಲ್ಲಿ ಬೇರೆಲ್ಲಿದೆ ಹೇಳಿ? ಕೋಟೆ ಬೇರೆ, ಊರ ಗೋಡೆ ಬೇರೆ. ಊರ ಗೋಡೆ ಅಲಿ ಬರೀದ್ ಶಾಹನ ಕಾಲದ್ದು, 1550ರ ದಶಕದ್ದು. ಶಾಹಗಂಜ್, ಫತೇ ದರ್ವಾಜಾ, ಮಂಗಲಪೇಟ ದರ್ವಾಜಾ ಇವೆಲ್ಲ ಇವತ್ತಿಗೂ ದಿನಾ ಓಡಾಡೋ ಬಾಗಿಲು. ಆಟೋ, ಟ್ರಾಕ್ಟರ್ ಎಲ್ಲ ಅದರೊಳಗೇ ಹೋಗುತ್ತವೆ. ಕಮಾನಿಗೆ ಲಾರಿ ತಾಗಿ ಕಲ್ಲು ಕಿತ್ತುಹೋಗಿರುವುದನ್ನು ನಾನೇ ನೋಡಿದ್ದೇನೆ. ಹಾಗಾಗಿ "ಬಳಕೆಯಲ್ಲಿದ್ದರೆ ಉಳಿಯುತ್ತದೆ" ಅನ್ನುವವರು ಈ ಕಡೆಗೂ ಬಂದು ನೋಡಲಿ.

ಕಡಲತಡಿ
ಬೀದರಿನ ಮಣ್ಣು ಕೆಂಪಲ್ವಾ, ನಮ್ಮ ಕಡೆ ಮುರಕಲ್ಲಿನ ಹಾಗೆಯೇ ಉಂಟು ಅದು. ವಿಜಯಪುರದ್ದು ಯಾವ ಕಲ್ಲು?

ಗಚ್ಚುಗಾರೆ
ಕರಿಕಲ್ಲು, ಅಂದರೆ ಬಸಾಲ್ಟ್. ದಖನಿನ ಲಾವಾ ಬಂಡೆ. ನಾನು ಹಳೇ ಕಟ್ಟಡಗಳ ದುರಸ್ತಿ ಕೆಲಸದಲ್ಲಿರುವವನು, ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಈ ಗೋಡೆ 20 ಅಡಿ ದಪ್ಪ ಅಂದರೆ 20 ಅಡಿಯೂ ಕಡಿದ ಕಲ್ಲಲ್ಲ. ಹೊರಗೊಂದು ಕಲ್ಲಿನ ಮುಖ, ಒಳಗೊಂದು ಮುಖ, ಮಧ್ಯೆ ಚೂರುಗಲ್ಲು, ಮಣ್ಣು, ಗಚ್ಚು ತುಂಬಿರ್ತಾರೆ. ಗುಂಡು ಬಿದ್ದರೆ ಆ ಹೊಟ್ಟೆಯ ಮಣ್ಣೇ ಪೆಟ್ಟನ್ನು ನುಂಗೋದು. ಗುಂಡನ್ನು ತಡೆದ ಅದೇ ಮಣ್ಣಿಗೆ ಮಳೆ ನೀರು ಮಾತ್ರ ಆಗಿಬರಲ್ಲ. ಮೇಲಿನ ನಡೆಹಾದಿಯ ಗಚ್ಚು ಬಿರುಕು ಬಿಟ್ಟರೆ ನೀರು ಸೀದಾ ಒಳಗಿಳಿಯುತ್ತೆ. ಮಣ್ಣು ನೆನೆದು ಉಬ್ಬುತ್ತೆ, ಗೋಡೆ ಹೊಟ್ಟೆ ಬಿಡುತ್ತೆ, ಒಂದು ಮಳೆಗಾಲದಲ್ಲಿ ಹೊರಮುಖ ಕಳಚಿ ಬೀಳುತ್ತೆ. ಕೋಟೆ ಗೋಡೆ ಕುಸಿಯೋದು ಬಹಳ ಸಲ ಹೀಗೇ, ಮೇಲಿನಿಂದ.

ಈಗ ಸಿಮೆಂಟಿನ ವಿಚಾರ. ಸಂದುಗಳಿಗೆ ಸಿಮೆಂಟ್ ಮೆತ್ತಿದರೆ ನೋಡೋಕೆ ಗಟ್ಟಿ. ಆದರೆ ಒಳಗೆ ಹೋದ ನೀರಿಗೆ ಹೊರಗೆ ಬರೋ ದಾರಿ ಅದೇ ಸಂದು. ಕರಿಕಲ್ಲು ನೀರು ಬಿಡಲ್ಲ. ಸಂದೂ ಮುಚ್ಚಿದರೆ ನೀರು ಹೊಟ್ಟೆಯಲ್ಲೇ ಉಳೀತು. ಸುಣ್ಣದ ಗಾರೆ ಉಸಿರಾಡುತ್ತೆ, ಗೋಡೆ ಕೂದಲೆಳೆಯಷ್ಟು ಅಲುಗಿದರೂ ಹೊಂದಿಕೊಳ್ಳುತ್ತೆ. ಸುಣ್ಣವನ್ನು ವಾರಗಟ್ಟಲೆ ನೆನೆಹಾಕಿ, ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ಕಷಾಯ ಹಾಕಿ ಹದ ಮಾಡಬೇಕು. ತಾಳ್ಮೆ ಬೇಡುವ ಕೆಲಸ. ಆ ಹದ ಕೈಗೆ ಗೊತ್ತಿರೋ ಗೌಂಡಿಗಳು ಕಡಿಮೆಯಾಗ್ತಿದ್ದಾರೆ, ನನಗೆ ಅದೇ ದೊಡ್ಡ ಚಿಂತೆ.

ನೆಟ್ಟಗಿನ_ದಾರಿ
ಗೋಡೆ ಮೇಲೆ ಬೆಳೆದ ಅರಳಿ ಮರಗಳನ್ನ ಕಡಿದು ಹಾಕಿದ್ರೆ ಸಾಲದಾ ಸರ್?

ಗಚ್ಚುಗಾರೆ
@ನೆಟ್ಟಗಿನ_ದಾರಿ ಮೇಲೆ ಕಡಿದರೆ ಮತ್ತೆ ಚಿಗುರುತ್ತೆ. ಬೇರು ಜಗ್ಗಿ ಕಿತ್ತರೆ ಕಲ್ಲೂ ಜೊತೆಗೇ ಬರುತ್ತೆ. ಬೇರನ್ನು ಕೊಂದು, ಒಣಗಿದ ಮೇಲೆ ಆ ಜಾಗದ ಕಲ್ಲು ಬಿಚ್ಚಿ ಮತ್ತೆ ಕೂರಿಸಬೇಕು. ಗಿಡ ಬೆರಳಷ್ಟು ದಪ್ಪ ಇರುವಾಗಲೇ ತೆಗೆದರೆ ಈ ಕೆಲಸವೇ ಬೇಡ. ವರ್ಷಕ್ಕೊಮ್ಮೆ ಮಳೆ ಮುಗಿದ ಮೇಲೆ ಒಂದು ಸುತ್ತು ಹಾಕಿ ಎಳೇ ಗಿಡ ಕೀಳಿಸೋದು ಎಲ್ಲಕ್ಕಿಂತ ಅಗ್ಗದ ದುರಸ್ತಿ.

ಊರಹೊರಗ
ಇದೆಲ್ಲಾ ಸರಿ, ಮೊದಲು ಗ್ವಾಡಿಗೆ ಹತ್ತಿ ಮನಿ ಕಟ್ಟಕೊಂಡವರನ್ನ ಎಬ್ಬಿಸ್ರಿ. ಖಂದಕದಾಗ ಮನಿ, ಬುರುಜಿಗೆ ಎಮ್ಮಿ ಕಟ್ಟ್ಯಾರ, ಕಸಾ ಒಗದಾರ. ಒಂದು ಸಲ ಗಟ್ಟಿ ಮನಸ್ಸು ಮಾಡಿ ತೆರವು ಮಾಡಿದ್ರ ಎಲ್ಲಾ ಸರಿ ಆಗತದ.

ಖಂದಕದ_ಮನಿ
@ಊರಹೊರಗ ನಿಮ್ಮ ಹೆಸರ ಹೇಳತೈತಿ ನೀವು ಎಲ್ಲಿದ್ದೀರಿ ಅಂತ. ನಾನು ಆ ಗ್ವಾಡಿ ನೆರಳಿನಾಗ ಹುಟ್ಟೀನಿ. ನಮ್ಮ ಅಜ್ಜನ ಕಾಲದಿಂದ ಅಲ್ಲೇ ಅದೀವಿ, ಮನಿ ಕಾಗದಾನೂ ಐತಿ. ನಮ್ಮ ಮನಿ ಮಾಳಗಿ ಸೋರಾಕ ಹತ್ತಿ ಎಷ್ಟೋ ಮಳಿಗಾಲ ಆತು. ದುರಸ್ತಿಗೆ ಅರ್ಜಿ ಕೊಟ್ರ ಆ ಕಚೇರಿಯಿಂದ ಈ ಕಚೇರಿಗೆ, ಈ ಕಚೇರಿಯಿಂದ ಆ ಕಚೇರಿಗೆ. ನಮ್ಮವ್ವ ಪಡಸಾಲಿಯೊಳಗ ಬುಟ್ಟಿ ಇಟ್ಟು ನೀರು ಹಿಡೀತಾಳ.

ಕಸಾ ಒಗಿಯವರು ನಾವಷ್ಟ ಅಂತ ತಿಳೀಬ್ಯಾಡ್ರಿ. ರಾತ್ರಿ ಟ್ರಾಕ್ಟರ್ ತಂದು ಕಟ್ಟಡದ ಹಳೇ ಮಣ್ಣು ಖಂದಕಕ್ಕ ಸುರುವವರು ನಮ್ಮ ಓಣಿಯವರಲ್ಲ. ಬುರುಜಿನ ಕಲ್ಲು ಕೀಳಾಕ ಬಂದವರನ್ನ ಓಡಿಸಿದವರು ನಮ್ಮ ಓಣಿ ಹುಡುಗೂರು. ಗ್ವಾಡಿ ಕಾಯವರು ಯಾರು ಅಂತ ವಿಚಾರ ಮಾಡಿ ಮಾತಾಡ್ರಿ.

ಊರಹೊರಗ
ಅಕ್ಕಾರ, ಕಾಗದ ಇದ್ದವರ ಬಗ್ಗೆ ನಾನು ಹೇಳಲಿಲ್ಲ. ಆದ್ರ ಖಂದಕದ ನಡುವ ಮನಿ ಎದ್ದಾವಲ್ಲ, ಅವಕ್ಕೂ ಇದ ನ್ಯಾಯ ಹಚ್ಚಿದ್ರ ಹ್ಯಾಂಗ? ಖಂದಕ ತುಂಬಿದ್ರ ಮಳಿ ನೀರು ಎಲ್ಲಿ ಹೋಗಬೇಕು? ನಿಮ್ಮ ಮನಿಗೇ ಬರತದ.

ಖಂದಕದ_ಮನಿ
ಅದು ಮಾತ್ರ ಖರೆ. ಜೋರ ಮಳಿ ಬಂದಾಗ ನೀರು ಹೋಗಾಕ ದಾರಿ ಇಲ್ಲದ ನಮ್ಮ ಓಣಿಗೇ ಹೊಕ್ಕೈತಿ. ಖಂದಕ ಬಿಡಸ್ರಿ, ನಾವೂ ಕೂಡತೀವಿ. ಆದ್ರ ಅಲ್ಲಿದ್ದವರಿಗೆ ಬ್ಯಾರೆ ಜಾಗಾ ಮೊದಲು ತೋರಸ್ರಿ, ಆಮ್ಯಾಲ ಎಬ್ಬಸ್ರಿ.

ಮೈಸೂರ್‌ಮೇಷ್ಟ್ರು
ಕಾನೂನು ಏನಿದೆ ಅಂತ ಒಂದು ಸಲ ಬರೆದುಬಿಡ್ತೀನಿ, ಇಲ್ಲಾಂದ್ರೆ ಇದು ಬರೀ ಜಗಳ ಆಗುತ್ತೆ. ಪ್ರಾಚೀನ ಸ್ಮಾರಕಗಳ ಕಾಯ್ದೆ 1958ರದ್ದು, 2010ರಲ್ಲಿ ತಿದ್ದುಪಡಿ ಆಯ್ತು. ಕೇಂದ್ರದ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಹೊಸ ಕಟ್ಟಡ ಕಟ್ಟೋ ಹಾಗೇ ಇಲ್ಲ. ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ತಗೊಂಡು ಕಟ್ಟಬಹುದು. ನಿಷೇಧಿತ ಪ್ರದೇಶದಲ್ಲೂ 1992ರ ಜೂನ್ 16ಕ್ಕೆ ಮುಂಚಿನಿಂದ ಇರೋ ಮನೆ ಆದ್ರೆ ದುರಸ್ತಿಗೆ, ನವೀಕರಣಕ್ಕೆ ಅರ್ಜಿ ಹಾಕ್ಕೊಳ್ಳೋ ಹಕ್ಕಿದೆ. @ಖಂದಕದ_ಮನಿ ಅವರೇ, ನಿಮ್ಮದು ಅಜ್ಜನ ಕಾಲದ ಮನೆ ಅಂದ್ರೆ ಆ ತಾರೀಖಿಗೆ ಮುಂಚಿನ ತೆರಿಗೆ ರಸೀದಿ, ವಿದ್ಯುತ್ ಬಿಲ್ಲು ಏನಿದ್ರೂ ಅರ್ಜಿ ಜೊತೆ ಲಗತ್ತಿಸಿ.

ಗಚ್ಚುಗಾರೆ
ಮೇಷ್ಟ್ರು ಹೇಳಿದ್ದಕ್ಕೆ ಒಂದು ಲೆಕ್ಕ ಸೇರಿಸ್ತೀನಿ. ಒಂದು ಗುಡಿಗೋ ಗುಮ್ಮಟಕ್ಕೋ 100 ಮೀಟರ್ ಅಂದರೆ ಅಷ್ಟು ಕಷ್ಟ ಇಲ್ಲ. ಆದರೆ 10 ಕಿ.ಮೀ. ಉದ್ದದ ಗೋಡೆ ಪೂರ್ತಿಗೆ ಈ ಕಡೆ 100, ಆ ಕಡೆ 100 ಹಾಕಿ ನೋಡಿ. ಎರಡು ಚದರ ಕಿಲೋಮೀಟರ್, ಹತ್ತಿರ ಹತ್ತಿರ 500 ಎಕರೆ ಆಯ್ತು, ಅದೂ ಊರಿನ ಮಧ್ಯೆ. ಗುಡಿಗೆ ಬರೆದ ನಿಯಮವನ್ನು ಹಾಗೆಹಾಗೇ ಊರ ಗೋಡೆಗೆ ಹಾಕಿದರೆ ಜನ ಗೋಡೆಯನ್ನೇ ಶತ್ರು ಅಂದುಕೊಳ್ತಾರೆ. ಗೋಡೆಗೆ ಹಾನಿಯಾಗದ ಹಾಗೆ ಮನೆ ದುರಸ್ತಿ ಹೇಗಿರಬೇಕು, ಎಷ್ಟು ಎತ್ತರ, ಯಾವ ಕಡೆ ಚರಂಡಿ ಅಂತ ಭಾಗ ಭಾಗಕ್ಕೆ ನಿಯಮ ಬರೆದರೆ ಎರಡೂ ಉಳಿಯುತ್ತವೆ.

ಊರಹೊರಗ
ನಿಯಮ ಸಡಿಲ ಮಾಡಿದ್ರ ಮೊದಲು ನುಗ್ಗೂವರು ಬಡವರಲ್ಲ ಸರ್, ಕಾಂಪ್ಲೆಕ್ಸ್ ಕಟ್ಟೂವರು. 100 ಮೀಟರ್ ಇರೂದಕ್ಕ ಇಷ್ಟರ ಉಳದದ. ನಾನು ಇದನ್ನ ಒಪ್ಪೂದಿಲ್ಲ.

ಗಚ್ಚುಗಾರೆ
ಸಡಿಲ ಮಾಡಿ ಅಂದಿಲ್ಲ. ಸ್ಪಷ್ಟ ಮಾಡಿ ಅಂದೆ. ಸೋರುವ ಮಾಳಿಗೆಗೂ ನಾಲ್ಕು ಮಹಡಿಗೂ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಬೇಡ ಅಷ್ಟೇ.

ಖಡಕ್‌ರೊಟ್ಟಿ
ಇಷ್ಟೆಲ್ಲಾ ಬರದು ಯಾರೂ ಊಟದ ಮಾತ ತಗೀಲಿಲ್ಲ. ಸುತ್ತು ನಡಿಯವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಮಸರು ಕಟ್ಟಕೊಂಡು ಹೋಗ್ರಿ. ನಡುವ ಹೋಟೆಲ್ ಸಿಗೂದು ಖಾತ್ರಿ ಇಲ್ಲ.

ಜಯಭೇರಿ
ಪರಕೀಯರು ಕಟ್ಟಿದ ಗೋಡೆಗೆ ಇಷ್ಟು ಚಿಂತೆ ಯಾಕೆ? ಹಂಪಿ ನೋಡಿ ಮೊದಲು.

ತೊರವಿ_ನೀರು
@ಜಯಭೇರಿ ಹಂಪಿನೂ ನೋಡ್ರಿ, ಇದನ್ನೂ ನೋಡ್ರಿ. ಕಲ್ಲು ಈ ನೆಲದ್ದು, ಕಡದವರು, ಹೊತ್ತವರು, ಖಂದಕ ಅಗದವರು ಈ ಸೀಮಿ ಮಂದಿ. ಎರಡನೇ ಇಬ್ರಾಹಿಂ ಆದಿಲ್ ಶಾಹ ತನ್ನ ಸಂಗೀತದ ಪುಸ್ತಕ ಶುರು ಮಾಡಿದ್ದ ಸರಸ್ವತಿ ನೆನಸಿ. ಮುತ್ತಿಗಿ ಹಾಕಿದವರು ಯಾರು, ಒಳಗ ಕೂತವರು ಯಾರು ನೋಡ್ರಿ, ಇಬ್ಬರೂ ಒಂದ ಧರ್ಮದವರು. ಈ ಗ್ವಾಡಿ ಚರಿತ್ರಿ ಅಷ್ಟು ಸಸಾರ ಇಲ್ಲ.

ನಿರ್ವಾಹಕ
ಈ ದಾರಿಯಲ್ಲಿ ಮುಂದೆ ಬಂದ ಎರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಗೋಡೆಯ ಬಗ್ಗೆ ಬರೆಯಿರಿ.

ಇತಿಹಾಸ_ಬೇಕು
ಇಬ್ರಾಹಿಂನ ಹೆಸರು ಬಂದದ್ದಕ್ಕೆ ನೌರಸಪುರದ ಬಗ್ಗೆ ಹೇಳಲೇಬೇಕು. ತೊರವಿ ಹತ್ತಿರ, 1599ರಲ್ಲಿ ಅವನು ಹೊಸ ಊರೇ ಕಟ್ಟೋಕೆ ಹೊರಟ. ಅರಮನೆ, ಬೀದಿ, ಸುತ್ತ ದೊಡ್ಡ ಗೋಡೆ. ಗೋಡೆ ಮುಗೀಲೇ ಇಲ್ಲ. 1624ರಲ್ಲಿ ಅಹಮದನಗರದ ಮಲಿಕ್ ಅಂಬರ್ ದಂಡೆತ್ತಿ ಬಂದಾಗ ನೌರಸಪುರ ಲೂಟಿಯಾಯ್ತು, ವಿಜಯಪುರ ಗೋಡೆಯೊಳಗೆ ಉಳೀತು. ಕೆಲವೇ ಮೈಲಿ ದೂರದಲ್ಲಿ ಎರಡು ಊರು. ಒಂದಕ್ಕೆ ಮುಗಿದ ಗೋಡೆ, ಇನ್ನೊಂದಕ್ಕೆ ಅರೆಬರೆ ಗೋಡೆ. ಗೋಡೆ ಯಾಕೆ ಬೇಕಿತ್ತು ಅಂತ ಮಕ್ಕಳಿಗೆ ತೋರಿಸೋಕೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ನೌರಸಪುರದ ಗೋಡೆ ಈಗ ಹೊಲಗಳ ಮಧ್ಯೆ ಇದೆ, ವಿಜಯಪುರದವರೇ ಎಷ್ಟೋ ಜನ ನೋಡಿಲ್ಲ.

ಶಾಪುರ_ಅಗಸಿ
ಖರೇ ಅದ. ನೌರಸಪುರದ ಸಂಗೀತ ಮಹಲ್ ನೋಡಾಕ ಹೋದವರು ಅಲ್ಲಿಂದ ವಾಪಸ್ ಬರತಾರ, ಗ್ವಾಡಿ ತನಕ ಯಾರೂ ಹೋಗೂದಿಲ್ಲ.

ಕಡಲತಡಿ
ಮಲಿಕ್ ಮೈದಾನ ತೋಪು ಇಲ್ಲೇ ಎರಕ ಹೊಯ್ದದ್ದಾ?

ತೊರವಿ_ನೀರು
ಅಲ್ರಿ. 1549ರಾಗ ಅಹಮದನಗರದಾಗ ಮಹಮ್ಮದ್ ಬಿನ್ ಹಸನ್ ರೂಮಿ ಎರಕಾ ಹೊಯ್ದದ್ದು. ಸುಮಾರು 55 ಟನ್ ತೂಕ, ಬಾಯಿ ಹತ್ರ ಸಿಂಹ ಆನಿ ನುಂಗಿದ ಹಂಗ ಕೆತ್ತ್ಯಾರ. ಪರಾಂಡಾ ಕ್ವಾಟಿಯೊಳಗ ಇತ್ತು, 1632ರಾಗ ಅದನ್ನ ಇಲ್ಲಿಗೆ ಎಳಕೊಂಡು ಬಂದ್ರು. ಎಳಿಯಾಕ 400 ಎತ್ತು, 10 ಆನಿ ಹೂಡಿದ್ರು ಅಂತ ಹೇಳತಾರ. ಅದರ ಜೋಡಿ ಬಂದ ಕಡಕ್ ಬಿಜಲಿ ಅನ್ನೂ ತೋಪು ಭೀಮಾ ಹೊಳಿಯಾಗ ಮುಳುಗಿತು ಅಂತನೂ ಕಥಿ ಅದ. 1854ರಾಗ ಇಂಗ್ರೇಜರು ಈ ತೋಪನ್ನ 150 ರೂಪಾಯಿಗೆ ಹರಾಜಿನಾಗ ಮಾರಿದ್ರು. ಆಮ್ಯಾಲ ಆ ಹರಾಜು ರದ್ದಾತು, ಇಲ್ಲಾಂದ್ರ ಕರಗಿಸಿ ಕೊಡ ಮಾಡಿರತಿದ್ರು.

ಈ ತೋಪು ಇಟ್ಟ ಷೇರ್ಜಾ ಬುರುಜಿಗೆ ಹೋದಾಗ ತೋಪನ್ನಷ್ಟ ನೋಡಬ್ಯಾಡ್ರಿ. ಐದ ತಿಂಗಳದಾಗ ಈ ಬುರುಜು ಬೆಟ್ಟದಷ್ಟು ಗಟ್ಟಿ ಮಾಡಿದ್ರು ಅಂತ ಅಲ್ಲೇ ಶಾಸನದಾಗ ಅದ. ಕಲ್ಲಿನ ಸಿಂಹದ ತಲಿನೂ ನೋಡ್ರಿ.

ನೆಟ್ಟಗಿನ_ದಾರಿ
ದಯವಿಟ್ಟು ಯಾರಾದ್ರೂ ನಡೆಯೋ ದಾರಿ ಹೇಳಿ. ಪೂರ್ತಿ ಆಗದಿದ್ರೂ ಅರ್ಧ ದಿನಕ್ಕೆ.

ಶಾಪುರ_ಅಗಸಿ
ಅರ್ಧ ದಿನಕ್ಕಾದ್ರ ಪಶ್ಚಿಮದ ಬಾಜು ಹಿಡೀರಿ. ತಾಜ ಬಾವಡಿ ನೋಡಿಕೊಂಡು ಮಕ್ಕಾ ದರವಾಜಾ, ಅಲ್ಲಿಂದ ಉತ್ತರಕ್ಕ ಷೇರ್ಜಾ ಬುರುಜು. ಅಲ್ಲೇ ಒಳಗ ಸ್ವಲ್ಪ ಪೂರ್ವಕ್ಕ ಉಪ್ಲಿ ಬುರುಜು, ಅದರ ಮ್ಯಾಲ ನಿಂತು ನೋಡಿದ್ರ ಗ್ವಾಡಿ ಹ್ಯಾಂಗ ಹಾದು ಹೋಗೇದ ಅನ್ನೂದು ಗೊತ್ತಾಗತದ. ವಾಪಸ್ ಗ್ವಾಡಿಗುಂಟ ಶಾಹಪುರ ದರವಾಜಾ, ಚಾಂದ ಬಾವಡಿ. ಬಿಸಲೇರೂದರೊಳಗ ಮುಗಸ್ರಿ. ಬ್ಯಾಸಗಿಯಾಗ ಬರಲೇಬ್ಯಾಡ್ರಿ, ಕರಿಕಲ್ಲು ಕಾದು ಕೈ ಇಡಾಕ ಆಗೂದಿಲ್ಲ.

ಇತಿಹಾಸ_ಬೇಕು
ನನಗೆ ದಕ್ಷಿಣದ ಬದಿಯೇ ಮುಖ್ಯ. ಮೊಗಲರ ತೋಪಿನ ಪೆಟ್ಟು ಬಿದ್ದದ್ದು ಲಂಡಾ ಕಸಾಬ್ ಬುರುಜಿನ ಸುತ್ತ, ಗುರುತು ಗೋಡೆಯ ಮೇಲೇ ಇದೆ. ಔರಂಗಜೇಬ ಊರೊಳಗೆ ಬಂದದ್ದು ಮನಗೂಳಿ ದರವಾಜಾದಿಂದ, ಅದಕ್ಕೆ ಫತೇ ದರವಾಜಾ ಅಂತ ಹೆಸರಿಟ್ಟ. ಚಂದ ನೋಡಬೇಕಾದರೆ ಪಶ್ಚಿಮ, ಯುದ್ಧ ನೋಡಬೇಕಾದರೆ ದಕ್ಷಿಣ.

ಶಾಪುರ_ಅಗಸಿ
ದಕ್ಷಿಣದಾಗ ನಡುವ ನಡುವ ಗ್ವಾಡಿ ತಪ್ಪತದ, ಹೊಸಬರಿಗೆ ದಾರಿ ಸಿಗೂದಿಲ್ಲ. ಮೊದಲ ಸಲ ಬಂದವರಿಗೆ ಪಶ್ಚಿಮನ ಸರಿ.

ಖಂದಕದ_ಮನಿ
ಫಲಕ ಹಾಕ್ರಿ ಅಂತ ಎಲ್ಲಾರೂ ಅನ್ನಾಕತ್ತೀರಿ. ಫಲಕದ ಮ್ಯಾಲ ಏನು ಬರೀತೀರಿ? ಷೇರ್ಜಾ, ಫಿರಂಗಿ, ಲಂಡಾ ಕಸಾಬ್ ಅಂಥಾ ಕೆಲವು ಬಿಟ್ರ 96ರಾಗ ಉಳಿದ ಭಾಳಷ್ಟು ಬುರುಜಿಗೆ ಪುಸ್ತಕದಾಗ ಹೆಸರ ಸಿಗೂದಿಲ್ಲ. ನಮ್ಮ ಓಣಿಯಾಗ ಮಾತ್ರ ಒಂದೊಂದಕ್ಕೂ ಹೆಸರೈತಿ. ಹಿರ್ಯಾರು ಹೇಳತಾರ, ನಾವು ಅದ ಹೆಸರಿನಿಂದ ಕರೀತೀವಿ, ಎಲ್ಲೂ ಬರದಿಟ್ಟಿಲ್ಲ. ಅವರಿದ್ದಾಗ ಬರಕೊಂಡ್ರ ಬಂತು.

ಶಾಪುರ_ಅಗಸಿ
ಅಕ್ಕಾರ, ಇದು ನನಗ ಹೊಳದಿರಲಿಲ್ಲ. ಮಾಡೂಣ್ರಿ. ಒಂದೊಂದು ಬುರುಜಿನ ಫೋಟೋ, ಅದು ಯಾವ ಎರಡು ದರವಾಜಾದ ನಡುವ ಅದ, ಓಣಿಯವರು ಏನಂತ ಕರೀತಾರ, ಯಾವ ಸ್ಥಿತಿಯಾಗ ಅದ. ಇಷ್ಟ ಬರದ್ರ ಸಾಕು. ನಾನು ಶಾಹಪುರದಿಂದ ಬಹಮನಿ ತನಕ ತಗೋತೀನಿ.

ತೊರವಿ_ನೀರು
ಮಕ್ಕಾದಿಂದ ಶಾಹಪುರ ನನಗ ಬಿಡ್ರಿ.

ಗಚ್ಚುಗಾರೆ
ಸ್ಥಿತಿ ಬರೆಯುವಾಗ ಮೂರು ವಿಷಯ ಮರೀಬೇಡಿ: ಗೋಡೆ ಹೊಟ್ಟೆ ಬಿಟ್ಟಿದೆಯಾ, ಮೇಲೆ ನೀರು ನಿಲ್ಲುತ್ತಾ, ಗಿಡ ಎಷ್ಟು ದಪ್ಪ ಇದೆ. ಫೋಟೋದಲ್ಲಿ ಒಬ್ಬ ಮನುಷ್ಯ ಪಕ್ಕದಲ್ಲಿ ನಿಂತಿರಲಿ, ಅಳತೆ ತಿಳಿಯುತ್ತೆ. ಮೇಲೆ ಹತ್ತಬೇಡಿ, ತೆನೆಗಳು ಸಡಿಲ ಇರ್ತವೆ.

ಊರಹೊರಗ
ಬಹಮನಿಯಿಂದ ಅಲ್ಲಾಪುರ ನಾ ಬರಕೊಂತೀನಿ. ದೀಪಾವಳಿಗೆ ಊರಿಗೆ ಬರತೀನಿ. @ಖಂದಕದ_ಮನಿ ಅಕ್ಕಾರ, ನಿಮ್ಮ ಓಣಿ ಹಿರ್ಯಾರನ್ನ ಅವಾಗ ಭೆಟ್ಟಿ ಮಾಡಸ್ತೀರೇನು?

ಖಂದಕದ_ಮನಿ
ಬರ್ರಿ. ಆದ್ರ ದೀಪಾವಳಿ ತನಕ ಯಾಕ ಕಾಯಬೇಕು? ನಮ್ಮ ಓಣಿದು ನಾನು ಈ ಐತವಾರನ ಶುರು ಮಾಡತೀನಿ. ಹೆಸರು ಬರಿಯಾಕ ಯಾವ ಕಚೇರಿ ಪರವಾನಗಿನೂ ಬ್ಯಾಡಲ್ಲ?